ಸ್ಪರ್ಶಫಲಕಕ್ಕೊಂದು ನಮಸ್ಕಾರ

ಯಾರಿಂದ ಬೇಕಾದರೂ ವಿದ್ಯೆಯನ್ನು ಕಲಿಯಬಹುದು ಎಂದು ಹಿರಿಯರು ಹೇಳುತ್ತಾರೆ. ಬಾಲಕನಿಂದ ಕಲಿಯಬಹುದು, ಶತ್ರುವಿನಿಂದ ಕಲಿಯಬಹುದು, ಸಾಲು ಹಿಡಿದು ಹೋಗುವ ಇರುವೆಯಿಂದಲೂ ಕಲಿಯಬಹುದು. ಅಳಿಯನಿಂದ ಕಲಿಯಬಹುದೇ ಎಂಬ ವಿಷಯದಲ್ಲಿ ಮಾತ್ರ ಅವರು ಏನನ್ನೂ ಹೇಳದೆ ಮುಂದೆ ಹೋಗಿಬಿಟ್ಟಿದ್ದಾರೆ. ಅದು ಅವರ ಮರೆವಲ್ಲ, ಅನುಭವ ಎಂಬುದು ನನಗೆ ಹೈಸ್ಕೂಲಿನ ಸಂಸ್ಕೃತ ಪಂಡಿತನ ಕೆಲಸದಿಂದ ನಿವೃತ್ತನಾದ ಮೇಲೆ ತಿಳಿಯಿತು. ನಮ್ಮಲ್ಲಿ ಅಳಿಯನೆಂದರೆ ಬಂದೊಡನೆ ಕಾಲಿಗೆ ನೀರು ಕೊಟ್ಟು, ಕಂಬಳಿ ಹಾಸಿ ಕೂಡಿಸಿ, ಸಾಕೆಂದರೂ ತುಪ್ಪ ಬಡಿಸಬೇಕಾದ ವ್ಯಕ್ತಿ. ಗುರುವೆಂದರೆ ತಪ್ಪು ಮಾಡಿದಾಗ ನಮ್ಮನ್ನು ಗದರಬೇಕಾದ ವ್ಯಕ್ತಿ. ಈ ಇಬ್ಬರೂ ಒಂದೇ ದೇಹದಲ್ಲಿ ಸೇರಿಕೊಂಡು ಎದುರಿಗೆ ಬಂದು ಕುಳಿತರೆ, ಗದರಿಸಿಕೊಂಡವನೇ ಎದ್ದುಹೋಗಿ ತುಪ್ಪ ತರಬೇಕಾಗುತ್ತದೆ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಆ ವರ್ಷ, ದಾವಣಗೆರೆಯ ಕೆ.ಬಿ. ಬಡಾವಣೆಯ ನಮ್ಮ ಮನೆಯ ಪಡಸಾಲೆಯಲ್ಲಿ ನಾನು ಹೀಗೆ ಹಲವು ಸಲ ತುಪ್ಪ ತಂದೆ.

ಇದಕ್ಕೆಲ್ಲ ಮೂಲ ಹರಿಹರದಲ್ಲಿದ್ದ ನನ್ನ ಅಕ್ಕ ನೀಲಮ್ಮ. ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯಳು. ಅವ್ವ ಹೊಲದ ಕಡೆ ಹೋದಾಗ ನನ್ನನ್ನು ಸೊಂಟದ ಮೇಲೆ ಕೂಡಿಸಿಕೊಂಡು, ಹಿಟ್ಟು ಜರಡಿ ಹಿಡಿಯುತ್ತಲೇ ಸ್ತೋತ್ರಗಳನ್ನು ಹೇಳಿಕೊಟ್ಟವಳು. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ತುಂಬಿದ ಮನೆಯಲ್ಲಿ ಅವಳ ಮಾತೇ ಕಾನೂನು. ಬೆಳಗಿನ ಶಿವಪೂಜೆಯಾದ ಮೇಲೆ ನಮ್ಮ ಮನೆತನದ ನಿತ್ಯಪಾಠವನ್ನು ಪುಸ್ತಕ ನೋಡಿ ಓದಿದ ಹೊರತು ಅವಳು ಬಾಯಿಗೆ ಒಂದು ತುತ್ತನ್ನೂ ಇಡುತ್ತಿರಲಿಲ್ಲ. ಅಂಥವಳ ಕಣ್ಣು ಆ ವರ್ಷ ಕೈಕೊಟ್ಟಿತು. ಪೊರೆ ತೆಗೆಸಿದರೂ ನಡುವೆ ಒಂದು ಮಸುಕು ಉಳಿದೇ ಉಳಿಯಿತು. ಮನುಷ್ಯರು ಕಾಣುತ್ತಿದ್ದರು, ಬಾಗಿಲು ಕಾಣುತ್ತಿತ್ತು. ಅಕ್ಷರಗಳು ಮಾತ್ರ ಅಕ್ಕಿಯಲ್ಲಿನ ನುಸಿಯಂತೆ ಓಡಾಡುತ್ತಿದ್ದವಂತೆ.

"ನಿನಗೆ ಎಲ್ಲಾ ಬಾಯಿಗೆ ಬರ್ತೈತಲ್ಲಕ್ಕ, ನೋಡದೆ ಹೇಳು" ಎಂದು ನಾನು ಒಮ್ಮೆ ಹೇಳಿ ನೋಡಿದೆ.

"ನಾಲಿಗಿ ಕಳ್ಳ ಇರ್ತೈತೋ" ಎಂದಳು ಅಕ್ಕ. "ಬೇಕಾದಲ್ಲಿ ನಿಲ್ತೈತೆ, ಬ್ಯಾಡಾದಲ್ಲಿ ಹಾರಿಸ್ತೈತೆ. ಅದಕ್ಕೆ ಕಣ್ಣು ಕಾವಲಿರಬೇಕು. ನೀ ಪಂಡಿತ, ನಿಂಗೊತ್ತಿಲ್ಲೇನು?"

ಹಿರಿಯ ಸೊಸೆ ತಾನು ಓದಿ ಹೇಳುತ್ತೇನೆಂದಾಗ, "ನೀ ಓದಿದ್ರೆ ಪುಣ್ಯ ನಿಂಗೆ ಬರ್ತೈತೆ ತಾಯಿ. ನಂಗೇನು ಬಂತು, ಕೇಳಿದ್ದು ಕಿವಿ" ಎಂದು ಆ ದಾರಿಯನ್ನೂ ಮುಚ್ಚಿದಳು. ಹೀಗಾಗಿ ಪ್ರತಿದಿನ ಬೆಳಿಗ್ಗೆ ಅವಳು ಪುಸ್ತಕವನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು, ಓದಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನೆ ಕುಳಿತು, ಎದ್ದು, ಬೇಕೋ ಬೇಡವೋ ಎಂಬಂತೆ ಒಂದಿಷ್ಟು ಉಂಡು ಮಲಗುತ್ತಿದ್ದಳು. ನಾನು ನೋಡನೋಡುತ್ತಿದ್ದಂತೆ ಅವಳ ದನಿ ಸಣ್ಣದಾಗುತ್ತ ಬಂತು. ಸೊಸೆಯಂದಿರನ್ನು ಗದರುವುದನ್ನೂ ಕಡಿಮೆ ಮಾಡಿದಳೆಂದು ತಿಳಿದಾಗ ಮನೆಯವರೆಲ್ಲ ನಿಜವಾಗಿ ಗಾಬರಿಯಾದರು.

ಈ ಸಂಕಟವನ್ನು ಊಟದ ಹೊತ್ತಿನಲ್ಲಿ ಹೇಳಿಕೊಂಡಾಗ ಅಳಿಯ ರುದ್ರೇಶ, "ಮಾವಾರೆ, ಅಕ್ಷರ ದೊಡ್ಡದಾದ್ರೆ ಆತಲ್ರಿ" ಎಂದ. ಅವನು ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಹೇಳುವವನು, ಮಾತು ಕಡಿಮೆ. ಮುಂದಿನ ವಾರ ಬರುವಾಗ ಕಂಕುಳಲ್ಲಿ ಕಪ್ಪು ಪೆಟ್ಟಿಗೆಯೊಂದನ್ನು ತಂದ. ಅದು ಅವನ ಸ್ನೇಹಿತರೊಬ್ಬರು ಬಳಸಿ ಬಿಟ್ಟ ಲ್ಯಾಪ್‌ಟಾಪ್. ಅದರೊಳಗೆ ಲಿನಕ್ಸ್ ಎಂಬ ವ್ಯವಸ್ಥೆಯನ್ನು ಅವನೇ ಹಾಕಿದ್ದ. ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರಣೆಯನ್ನು ಹೊಡೆದಿಟ್ಟರೆ ಕನ್ನಡದಲ್ಲಿ ಅಚ್ಚಾಗುವ ಸೌಕರ್ಯ ಅದರಲ್ಲಿತ್ತು. ಅಕ್ಷರ ನಿಂಬೆಹಣ್ಣಿನಷ್ಟು ಬೇಕೆಂದರೆ ನಿಂಬೆಹಣ್ಣಿನಷ್ಟು, ತೆಂಗಿನಕಾಯಿಯಷ್ಟು ಬೇಕೆಂದರೆ ತೆಂಗಿನಕಾಯಿಯಷ್ಟು. "ಲಿನಕ್ಸ್ ಯಾರೊಬ್ಬರದೂ ಅಲ್ರಿ. ಎಲ್ಲೆಲ್ಲಿದೋ ಜನ ಸೇರಿ ಬರೆದು, ಯಾರು ಬೇಕಾದ್ರೂ ತಗೊಳ್ರಿ ಅಂತ ಬಿಟ್ಟಾರೆ. ದಾಸೋಹ ಇದ್ದಂಗೆ" ಎಂದ. ದಾಸೋಹವೆಂದು ಕೇಳಿದ ಮೇಲೆ ನನಗೆ ಅದರಲ್ಲಿ ಪೂಜ್ಯಭಾವ ಬಂದುಬಿಟ್ಟಿತು. ದಾಸೋಹದಲ್ಲಿ ಬಡಿಸುವ ಕೈಗಳು ಬಹಳವಾದರೂ, ಸಾರಿಗೆ ಉಪ್ಪು ಕಡಿಮೆಯಾದಾಗ ಯಾರನ್ನು ಕೇಳಬೇಕೆಂದು ತಿಳಿಯುವುದಿಲ್ಲ ಎಂಬ ಮಾತು ಆಗ ನೆನಪಿಗೆ ಬರಲಿಲ್ಲ. ಶ್ರಾವಣದ ಮೊದಲ ಸೋಮವಾರದೊಳಗೆ ಪುಸ್ತಕ ಅವಳ ಕೈಯಲ್ಲಿರುತ್ತದೆಂದು ಅಕ್ಕನಿಗೆ ಅಂದೇ ಫೋನು ಮಾಡಿ ಮಾತುಕೊಟ್ಟೆ. ಫೋನಿನ ಆ ಕಡೆ ಅವಳ ದನಿ ಬಹಳ ದಿನಗಳ ಮೇಲೆ ಮೊದಲಿನಂತೆ ದಪ್ಪಗೆ ಕೇಳಿತು. "ಆಡಿದ ಮಾತು ನೆನಪಿರ್ಲಿ" ಎಂದಳು.

ಯಂತ್ರವನ್ನು ಮನೆತುಂಬಿಸಿಕೊಳ್ಳುವ ಕ್ರಮದಲ್ಲಿ ನಾನು ಲೋಪ ಮಾಡಲಿಲ್ಲ. ಪಡಸಾಲೆಯಲ್ಲಿ ಪೂರ್ವಕ್ಕೆ ಮುಖವಾಗಿ ಜಮಖಾನ ಹಾಸಿ, ಎದುರಿಗೆ ಪೂಜೆಯ ಮಣೆಯಿಟ್ಟು, ಮಣೆಯ ಮೇಲೆ ಅದನ್ನು ಸ್ಥಾಪಿಸಿ, ಮುಚ್ಚಳಕ್ಕೆ ವಿಭೂತಿಯ ಮೂರು ಪಟ್ಟೆ ಎಳೆದೆ. ಮುಚ್ಚಳ ತೆರೆದು ಒಳಗೂ ಎಳೆಯಹೋದಾಗ ರುದ್ರೇಶ ನನ್ನ ಕೈ ಹಿಡಿದುಕೊಂಡ. "ಒಳಗ ಬ್ಯಾಡ್ರಿ ಮಾವಾರೆ. ಹೊರಗಿಂದ ಎಷ್ಟು ಬೇಕಾದ್ರೂ ಭಕ್ತಿ ಮಾಡ್ರಿ." ಸರಿ, ಒಳಗೆ ಬರೀ ಬೆರಳ ತುದಿಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಪುಸ್ತಕವಿರಲಿ, ಲೇಖನಿಯಿರಲಿ, ತರಕಾರಿ ಹೆಚ್ಚುವ ಈಳಿಗೆಮಣೆಯೇ ಇರಲಿ, ಕೆಲಸಕ್ಕೆ ಮುಂಚೆ ಒಮ್ಮೆ, ಕೆಲಸವಾದ ಮೇಲೆ ಒಮ್ಮೆ ಹಾಗೆ ಮಾಡುವುದು ನಮ್ಮ ಮನೆಯ ಹುಟ್ಟಾಭ್ಯಾಸ.

ಕೀಲಿಗಳ ಕೆಳಗೆ ಎಲೆಯಡಿಕೆಯ ತಟ್ಟೆಯಷ್ಟೂ ಇಲ್ಲದ ಚೌಕವೊಂದಿತ್ತು. ಅದರ ಮೇಲೆ ಬೆರಳನ್ನು ಸವರಿದರೆ ತೆರೆಯ ಮೇಲಿನ ಬಾಣದ ಗುರುತು ಚಲಿಸುತ್ತಿತ್ತು. ಅಳಿಯ ಅದನ್ನು ಟಚ್‌ಪ್ಯಾಡ್ ಎಂದ. ನಾನು ಸ್ಪರ್ಶಫಲಕವೆಂದು ನಾಮಕರಣ ಮಾಡಿದೆ. ಅದರ ಬದಲು ಮೌಸ್ ಇಟ್ಟುಕೊಳ್ಳುವ ಪ್ರಯತ್ನವೂ ಆಯಿತೆನ್ನಿ. ಆದರೆ ಅದರ ಹೊಟ್ಟೆಯೊಳಗಿನ ಗುಂಡು ಜಮಖಾನದ ದಾರವನ್ನು ನುಂಗಿ ಅಜೀರ್ಣ ಮಾಡಿಕೊಂಡಿತು. ಕುರ್ಚಿಯಲ್ಲಿ ಕುಳಿತು, ಮೇಜಿನ ಮೇಲಿಟ್ಟು ನಿತ್ಯಪಾಠವನ್ನು ಬರೆಯುವುದು ನನ್ನಿಂದಾಗುವ ಮಾತಲ್ಲ. ಆದ್ದರಿಂದ ಸ್ಪರ್ಶಫಲಕವೇ ಗತಿಯಾಯಿತು.

"ಬರೆಯೋವಾಗ ಬಾಣ ಅಕ್ಷರದ ಮೇಲೆ ಕೂಡ್ತೈತೆ, ಅಡ್ಡ ಬರ್ತೈತೆ. ಒಂದು ಮೂಲಿಗೆ ತಳ್ಳಿಬಿಡ್ರಿ" ಎಂದು ಹೇಳಿ ಅಳಿಯ ಹೊರಟುಹೋದ. ಯಾವ ಮೂಲೆ ಎಂದು ಅವನು ಹೇಳಲಿಲ್ಲ. ಹೇಳುವ ಅಗತ್ಯವೂ ನನಗೆ ಕಾಣಲಿಲ್ಲ. ಭೂಪಟದಲ್ಲಿರುವಂತೆ ತೆರೆಯ ಮೇಲ್ಭಾಗವೇ ಉತ್ತರ, ಬಲಭಾಗವೇ ಪೂರ್ವ ಎಂದು ಭಾವಿಸಿದರೆ ಮೇಲಿನ ಬಲಮೂಲೆಯೇ ಈಶಾನ್ಯ. ಈಶಾನ್ಯ ಈಶ್ವರನ ಸ್ಥಾನ. ದೇವರ ಮನೆಯನ್ನೇ ಆ ಮೂಲೆಯಲ್ಲಿ ಕಟ್ಟಿಸಿಕೊಂಡವನು ಬಾಣವನ್ನು ನೈರುತ್ಯಕ್ಕೆ ತಳ್ಳುವೆನೇ? ಪ್ರತಿಸಲವೂ ಶ್ರದ್ಧೆಯಿಂದ ಅದನ್ನು ಮೇಲಿನ ಬಲಮೂಲೆಗೆ ಬಿಜಯಂಗೈಸಿ ನಂತರವೇ ಬರವಣಿಗೆಗೆ ತೊಡಗುತ್ತಿದ್ದೆ.

ಮೊದಲ ಕಾಟ ಅಲ್ಲಿಂದ ಶುರುವಾಗಲಿಲ್ಲ, ಬಾಣದ ನಡಿಗೆಯಿಂದ ಶುರುವಾಯಿತು. ನಾನು ಬೆರಳನ್ನು ಮೆಲ್ಲನೆ ಬಲಕ್ಕೆ ಸರಿಸಿದರೆ ಅದು ಮಿಡತೆಯಂತೆ ಎಡಕ್ಕೆ ನೆಗೆಯುತ್ತಿತ್ತು. ಒಮ್ಮೊಮ್ಮೆ ನಿಂತಲ್ಲೇ ನಿಂತು, ಬೆರಳು ಸವೆಯುವಷ್ಟು ಉಜ್ಜಿದರೂ ಮಿಸುಕುತ್ತಿರಲಿಲ್ಲ. ರುದ್ರೇಶ ಬಂದು ನೋಡಿ ಕಾರಣ ಕಂಡುಹಿಡಿದ. ಬರೆಯಲು ತೆರೆಯ ಮೇಲೆ ಮೂಡುವ ಚೌಕಗಳಿಗೆ ಕಿಟಕಿಗಳೆಂದು ಹೆಸರು; ಅಂಥ ಕಿಟಕಿಗಳ ಚಿತ್ರವಿಲ್ಲದ ಕಪ್ಪು ತೆರೆಯಿರುವಾಗ ಬೆರಳಿನ ಸುದ್ದಿಯನ್ನು ಕೇಳಿ ತಿಳಿಸುವುದಕ್ಕೆ ಲಿನಕ್ಸಿನಲ್ಲಿ ಒಬ್ಬ ಸೇವಕನಿದ್ದಾನೆ. ಕಿಟಕಿಗಳ ತೆರೆ ಬಂದ ಮೇಲೆ ಆ ಕೆಲಸಕ್ಕೆ ಬೇರೊಬ್ಬ ಸೇವಕ ಬರುತ್ತಾನೆ. ಮೊದಲನೆಯವನು ಮನೆಗೆ ಹೋಗದೆ ಅಲ್ಲೇ ನಿಂತುಬಿಟ್ಟಿದ್ದ. ಇಬ್ಬರೂ ಒಂದೇ ಬಾಗಿಲಲ್ಲಿ ನಿಂತು, ಬಂದ ಸುದ್ದಿಯನ್ನು ಅರ್ಧರ್ಧ ಕಿತ್ತುಕೊಳ್ಳುತ್ತಿದ್ದರು. ಅದೂ ಸಾಲದೆಂಬಂತೆ, ಸ್ಪರ್ಶಫಲಕದ ಜಾತಿ ಯಾವುದೆಂದು ಬರೆದಿಡಬೇಕಾದ ಕಡತದಲ್ಲಿ ಬೇರೆ ಯಾವುದೋ ಮೌಸಿನ ಜಾತಿ ಬರೆದಿತ್ತು. "ಮೊದ್ಲಿನವನ್ನ ನಿಲ್ಲಿಸಿ, ಆ ಸಾಲು ತಿದ್ದಿದ್ರೆ ಆತ್ರಿ. ನೀವೇ ಮಾಡ್ರಿ, ಕಲಿತಂಗೂ ಆಗ್ತೈತೆ" ಎಂದು ಅಪ್ಪಣೆಯಾಯಿತು.

ಅವನು ಹೇಳಿದ್ದನ್ನು ಹೇಳಿದಂತೆ ಹೊಡೆದೆ. ಏನೂ ಆಗಲಿಲ್ಲ. ಮತ್ತೆ ಹೊಡೆದೆ. ಕಡತ ತೆರೆಯಿತು, ಒಳಗೆ ಒಂದಕ್ಷರವೂ ಇಲ್ಲ. ಅಳಿಯ ಬಗ್ಗಿ ನೋಡಿ, "ಅದರ ಹೆಸರಿನ್ಯಾಗೆ ದೊಡ್ಡಕ್ಷರ ಅದಾವಲ್ರಿ. ನೀವೆಲ್ಲಾ ಸಣ್ಣಕ್ಷರ ಹೊಡೆದೀರಿ. ಇದು ನೀವು ಈಗ ಹೊಸದಾಗಿ ಹುಟ್ಟಿಸಿದ ಕಡತ" ಎಂದ. ಹ್ರಸ್ವವನ್ನು ದೀರ್ಘ ಮಾಡಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ನಾನು ತಲೆತಗ್ಗಿಸಿ ಒಳಗೆ ಹೋಗಿ ತುಪ್ಪ ತಂದೆ. ಎರಡನೆಯ ಪ್ರಯತ್ನದಲ್ಲಿ ಸಾಲು ತಿದ್ದಿಯಾಯಿತು, ಹಳೆಯ ಸೇವಕನಿಗೆ ವಿರಾಮ ಕೊಟ್ಟಾಯಿತು. ಯಂತ್ರವನ್ನು ಮತ್ತೆ ಎಬ್ಬಿಸಿದಾಗ ಬಾಣ ದೇವಸ್ಥಾನದ ಆನೆಯಂತೆ ಗಂಭೀರವಾಗಿ, ಕರೆದಲ್ಲಿಗೆ ಬಂತು, ನಿಲ್ಲಿಸಿದಲ್ಲಿ ನಿಂತಿತು. ನನಗಾದ ಸಂತೋಷವನ್ನು ಹೇಗೆ ಹೇಳಲಿ! ಅಕ್ಷರವೊಂದು ಜಾರಿದರೂ ಫಲವಿಲ್ಲ, ಸರಿಯಾಗಿದ್ದರೆ ತಕ್ಷಣ ಫಲ. ಮಂತ್ರಕ್ಕೆ ಸಲ್ಲುವ ಈ ಲಕ್ಷಣವನ್ನು ನಿವೃತ್ತನಾದ ಮೇಲೆ ನಾನು ಒಂದು ಲೋಹದ ಪೆಟ್ಟಿಗೆಯಲ್ಲಿ ಪ್ರತ್ಯಕ್ಷ ಕಂಡೆ.

ಸಂತೋಷ ಮೊದಲನೆಯ ಸ್ತೋತ್ರ ಮುಗಿಯುವವರೆಗೆ ಇತ್ತು. ಮೂಲವನ್ನು ಹೊಡೆದು, ಅದರ ಕೆಳಗೆ ತಾತ್ಪರ್ಯವನ್ನು ಹೊಡೆದು, ಮಂಗಳ ಮಾಡಿ, ಇನ್ನು ಉಳಿಸಿಡಬೇಕೆಂದು ನೋಡಿದರೆ ತೆರೆ ಬರಿದಾಗಿತ್ತು. ಕಿಟಕಿಯೇ ಇಲ್ಲ! ಬೆಳಗಿನಿಂದ ಕೂಡಿಸಿದ ಅಕ್ಷರಗಳು ಊದಿದ ವಿಭೂತಿಯಂತೆ ಹೋಗಿದ್ದವು. ಎಲ್ಲೋ ಕೈತಪ್ಪಿರಬೇಕೆಂದು ಮರುದಿನ ಅದನ್ನೇ ಮತ್ತೆ ಹೊಡೆದೆ. ಮುಗಿಯಿತು, ಮುಗಿದೊಡನೆ ಮಾಯವಾಯಿತು. ಕೆಲಸ ಆರಂಭಿಸುವಾಗಲೂ ಒಮ್ಮೊಮ್ಮೆ ಕಿಟಕಿ ಮುಚ್ಚಿಕೊಳ್ಳುತ್ತಿತ್ತು. ಆಗ ಒಳಗೆ ಏನೂ ಇರುತ್ತಿರಲಿಲ್ಲವಾಗಿ ಮತ್ತೆ ತೆರೆದರೆ ಸಾಕಾಗುತ್ತಿತ್ತು. ಮಧ್ಯದಲ್ಲಿ ಎಂದೂ ತೊಂದರೆಯಿಲ್ಲ. ಪೂರ್ಣವಾದದ್ದನ್ನೇ ಆರಿಸಿ ನುಂಗುವ ಈ ರಾಕ್ಷಸನ ಕ್ರಮ ನನ್ನ ಬುದ್ಧಿಗೆ ನಿಲುಕಲಿಲ್ಲ.

"ನಡುನಡುವೆ ಉಳಿಸ್ಕೋಂತ ಹೋಗ್ರಿ ಅಂತ ಹೇಳಿದ್ನಲ್ರಿ" ಎಂದ ಅಳಿಯ ಫೋನಿನಲ್ಲಿ.

ಹೇಳಿದ್ದು ನಿಜ. ಆದರೆ ಪಾರಾಯಣವನ್ನು ನಡುವೆ ತುಂಡರಿಸಬಾರದೆಂದು ಬಾಲ್ಯದಿಂದ ಕಲಿತವನಿಗೆ, ಶ್ಲೋಕಗಳ ನಡುವೆ ನಿಲ್ಲಿಸಿ ಯಂತ್ರದ ಕೀಲಿಯೊತ್ತುವುದು ಊಟದ ನಡುವೆ ಎದ್ದು ಎಲೆ ತೊಳೆದಂತೆ ತೋರುತ್ತಿತ್ತು. ಮಂಗಳವಾದ ಮೇಲೆ ಉಳಿಸುವುದೇ ಕ್ರಮವೆಂದು ನಾನೇ ತೀರ್ಮಾನಿಸಿಕೊಂಡಿದ್ದೆ.

ರುದ್ರೇಶ ಬಂದು ಕುಳಿತ. ಗಂಟೆಗಟ್ಟಲೆ ಹೊಡೆದ, ಅಳಿಸಿದ, ಮುಗಿಸಿದ, ಉಳಿಸಿದ, ಕಿಟಕಿ ಅಲುಗಲಿಲ್ಲ. ವೈದ್ಯರ ಬಾಗಿಲಲ್ಲಿ ಹಲ್ಲುನೋವು ನಿಂತುಹೋದವನ ಸ್ಥಿತಿ ನನ್ನದು. "ನಿಮ್ಮ ಬೆರಳಿನ್ಯಾಗೇ ಏನೋ ಐತ್ರಿ" ಎಂದು ಅವನು ನನ್ನ ಕೈಯನ್ನು ತಿರುಗಿಸಿ ನೋಡಿದ. ಮೂರು ಬೆರಳುಗಳಲ್ಲೂ ವಿಭೂತಿ. "ಇದೇ ನೋಡ್ರಿ! ಈ ಪುಡಿ ಮ್ಯಾಲೆ ಕುಂತು ಅದಕ್ಕೆ ಬೆರಳು ಯಾವುದು, ಬೂದಿ ಯಾವುದು ತಿಳೀವಲ್ದು." ಅಂದಿನಿಂದ ಕೈ ತೊಳೆದು ಕುಳಿತೆ. ಒದ್ದೆ ಬೆರಳಿಗೆ ಬಾಣ ಹುಚ್ಚೆದ್ದು ಕುಣಿಯಿತು. ಒರೆಸಿಕೊಂಡು ಕುಳಿತೆ, ಕುಣಿತ ನಿಂತಿತು, ಕಿಟಕಿ ಮಾತ್ರ ಸ್ತೋತ್ರ ಮುಗಿದೊಡನೆ ತಪ್ಪದೆ ಹೋಯಿತು. ನನ್ನ ಹೆಂಡತಿ ಗೌರಮ್ಮ, "ಅಮಾಸಿ ದಿನ ತಂದಿಟ್ರೆ ಇನ್ನೇನಾಗ್ತೈತೆ?" ಎಂದು ಯಂತ್ರದ ಹಿಡಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದಳು. ಅದರಿಂದಾದ ಪರಿಣಾಮವೆಂದರೆ, ಮುಚ್ಚಳ ಪೂರ್ತಿ ಮುಚ್ಚದಂತಾದದ್ದು.

ಆಷಾಢ ಕಳೆಯುತ್ತ ಬಂತು. ಒಂದು ದಿನ ಹರಿಹರಕ್ಕೆ ಹೋದಾಗ ಬೆಳಗಿನ ಪೂಜೆಯ ಹೊತ್ತೇ ಆಗಿತ್ತು. ಅಕ್ಕ ದೇವರ ಮುಂದೆ ಕುಳಿತಿದ್ದಳು. ಮಡಿಲಲ್ಲಿ ಮುಚ್ಚಿದ ಪುಸ್ತಕ. ಅದರ ಮೇಲೆ ಎರಡು ಕೈ. ತುಟಿಗಳು ಅಲುಗುತ್ತಿರಲಿಲ್ಲ. ಮಳೆಯಲ್ಲಿ ಬಸ್ಸಿಗೆ ಕಾಯುವವರು ಕುಳಿತಂತೆ ಕುಳಿತಿದ್ದಳು. ನಾನು ಬಂದದ್ದು ತಿಳಿದು, ತಿರುಗದೆಯೇ, "ತಂದೇನೋ?" ಎಂದಳು.

"ಇನ್ನೊಂದಿಷ್ಟು ಉಳಿದೈತಕ್ಕ" ಎಂದೆ. ಉಳಿದದ್ದು ಇನ್ನೊಂದಿಷ್ಟಲ್ಲ, ಎಲ್ಲವೂ.

"ಆಗ್ಲಿ ಬಿಡು. ನಿಂಗೂ ವಯಸ್ಸಾತು" ಎಂದಳು. ಅವಳು ಬೈದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಅಕ್ಕ ಕ್ಷಮಿಸಲು ಶುರುಮಾಡಿದಳೆಂದರೆ ಆಸೆ ಬಿಟ್ಟಳೆಂದೇ ಅರ್ಥ. ಹಿಂದಿರುಗುವ ಬಸ್ಸಿನಲ್ಲಿ, ನಾಳೆಯಿಂದ ದಪ್ಪ ಕುಂಚ ಹಿಡಿದು ಹಾಳೆಯ ಮೇಲೆ ಕೈಯಲ್ಲೇ ಬರೆದುಬಿಡುವುದೆಂದು ನಿಶ್ಚಯಿಸಿದೆ. ಆದರೆ ಕಾಫಿ ಲೋಟವನ್ನು ಹಿಡಿದರೂ ನಡುಗುವ ನನ್ನ ಕೈ ಬರೆದ ಅಕ್ಷರವನ್ನು, ಕಣ್ಣು ಚೆನ್ನಾಗಿದ್ದವರೂ ಓದಲಾರರೆಂಬುದು ಮನೆ ತಲುಪುವಷ್ಟರಲ್ಲಿ ಖಚಿತವಾಯಿತು. ಮತ್ತೆ ಮಣೆಯ ಮುಂದೆ ಕುಳಿತೆ.

ಆ ಸಂಜೆ ಗೌರಮ್ಮ ನನ್ನ ಎದುರಿಗೇ ಕುಳಿತು ಶೇಂಗಾಕಾಯಿ ಸುಲಿಯುತ್ತಿದ್ದಳು. ನಾನು ಸಣ್ಣ ಸ್ತೋತ್ರವೊಂದನ್ನು ಹೊಡೆದು ಮುಗಿಸಿದೆ. ಕಿಟಕಿ ಹೋಯಿತು. "ಶಿವಶಿವಾ!" ಎಂದು ಕಣ್ಣು ಮುಚ್ಚಿಕೊಂಡೆ.

"ಹೋತೇನ್ರಿ?" ಎಂದಳು.

"ಹೋತು."

"ಹೋಗದೇನು ಮಾಡೀತು? ನೀವು ಅದರ ನೆತ್ತಿ ತಟ್ಟಿದ್ರಲ್ಲ, ಅವಾಗ್ಲೇ ಹೋತು."

"ನಾನೆಲ್ಲಿ ತಟ್ಟಿದೆ?"

"ಅಯ್ಯ, ಮುಟ್ಟಿ ಕಣ್ಣಿಗೊತ್ಕೊಂಡ್ರಲ್ರಿ! ನಾ ಇಲ್ಲೇ ಕುಂತೀನಿ, ನಂಗೆ ಕಾಣಲ್ಲೇನು? ಬೆರಳು ಅತ್ತ ಮುಟ್ತು, ಇತ್ತ ಬೆಳಕು ಫಕ್ ಅಂತು. ಇನ್ನೊಂದ್ಸಲ ಮಾಡ್ರಿ ನೋಡಾನ."

ಕಿಟಕಿಯನ್ನು ತೆರೆದು, ಬಾಣವನ್ನು ಈಶಾನ್ಯಕ್ಕೆ ಕಳಿಸಿ, ಸಾಕ್ಷಿಯ ಕಟಕಟೆಯಲ್ಲಿ ನಿಂತವನಂತೆ ಸ್ಪರ್ಶಫಲಕವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಕಣ್ಣು ತೆರೆದಾಗ ಕಿಟಕಿಯಿರಲಿಲ್ಲ. ಮತ್ತೆ ತೆರೆದೆ, ಮತ್ತೆ ನಮಸ್ಕರಿಸಿದೆ, ಮತ್ತೆ ಹೋಯಿತು. ಗೌರಮ್ಮ ಶೇಂಗಾಕಾಯಿಯ ಮೊರವನ್ನು ಪಕ್ಕಕ್ಕಿಟ್ಟು ನಗತೊಡಗಿದಳು. ನಾನು ಅವಳನ್ನು ನಗಬೇಡವೆನ್ನುವ ಸ್ಥಿತಿಯಲ್ಲಿರಲಿಲ್ಲ. ಇಷ್ಟು ದಿನದ ಭಾರ ಇಳಿದು ನನ್ನ ಎದೆ ಹಗುರಾಗಿತ್ತು. ಹುಡುಕಿದರೂ ಸಿಗದ ಕಳ್ಳ ನಮ್ಮ ಕೈಯೇ ಎಂದು ತಿಳಿದಾಗ ಆಗುವ ನೆಮ್ಮದಿಯನ್ನು ಅನುಭವಿಸಿದವರೇ ಬಲ್ಲರು. ಕಳ್ಳ ಇನ್ನು ಎಲ್ಲಿಗೂ ಓಡಿಹೋಗಲಾರ.

ಮರುದಿನ ರುದ್ರೇಶ ಬಂದು ವಿಷಯವನ್ನು ಪೂರ್ತಿ ಬಿಡಿಸಿದ. ಸ್ಪರ್ಶಫಲಕವನ್ನು ಬೆರಳಿಂದ ಒಮ್ಮೆ ಮೆಲ್ಲನೆ ತಟ್ಟಿದರೆ, ಕೆಳಗಿರುವ ಗುಂಡಿಯನ್ನು ಒತ್ತಿದಂತೆಯೇ ಲೆಕ್ಕವಂತೆ. ಬಾಣ ಆಗ ಎಲ್ಲಿದೆಯೋ ಅಲ್ಲಿನ ಆಜ್ಞೆ ನಡೆಯುತ್ತದೆ. ಮೇಲಿನ ಬಲಮೂಲೆಯಲ್ಲಿ ಇರುವುದು ಕಿಟಕಿಯನ್ನು ಮುಚ್ಚುವ ಗುರುತು. ನಾನು ಬಳಸುತ್ತಿದ್ದ ಬರವಣಿಗೆಯ ಕಿಟಕಿ ಮುಚ್ಚುವ ಮುನ್ನ 'ಉಳಿಸಲೇ?' ಎಂದು ಕೇಳುವಷ್ಟು ದಾಕ್ಷಿಣ್ಯವುಳ್ಳದ್ದೂ ಅಲ್ಲ. ಅಂದರೆ, ಮಂಗಳವಾದ ಮೇಲೆ, ಉಳಿಸುವ ಮುನ್ನ, ಈಶಾನ್ಯದಲ್ಲಿ ಬಾಣವನ್ನಿಟ್ಟು ನಾನು ಭಕ್ತಿಯಿಂದ ಮಾಡಿದ ಒಂದೊಂದು ನಮಸ್ಕಾರವೂ, 'ಇಷ್ಟೂ ಹೊತ್ತು ಬರೆದದ್ದನ್ನು ಎಸೆದುಬಿಡು' ಎಂದು ಸ್ಪಷ್ಟವಾಗಿ ಕೊಟ್ಟ ಅಪ್ಪಣೆಯಾಗಿತ್ತು.

"ಈಶಾನ್ಯನಾ!" ಎಂದು ರುದ್ರೇಶ ಬಾಯಿಗೆ ಕೈಯಿಟ್ಟುಕೊಂಡ. ಮದುವೆಯಾದ ಮೇಲೆ ಅವನು ನನ್ನೆದುರು ನಕ್ಕದ್ದು ಅದೇ ಮೊದಲು. "ಮಾವಾರೆ, ಸುಲಭ ಐತೆ. ನಮಸ್ಕಾರ ಬಿಟ್ಬಿಡ್ರಿ ಅಷ್ಟೇ."

ಬಿಡಲು ಪ್ರಯತ್ನಿಸದೆ ಇರಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ದೂರದಿಂದಲೇ ಕೈಮುಗಿದು ನೋಡಿದೆ. ಸ್ತೋತ್ರದ ಕೊನೆಯ ಅಕ್ಷರ ಬಿದ್ದೊಡನೆ, ನನ್ನನ್ನು ಕೇಳದೆಯೇ ಬಲಗೈ ಹೋಗಿ ಮುಟ್ಟಿ ಕಣ್ಣಿಗೆ ಬಂದುಬಿಡುತ್ತಿತ್ತು. ಬಾಣವನ್ನು ಆಗ್ನೇಯಕ್ಕೆ ಕಳಿಸಿ ನೋಡೋಣವೆಂದು ಅಳಿಯ ಸೂಚಿಸಿದ. ನಾನು ಒಪ್ಪಿ ಕಳಿಸಿದೆ. ಅಕ್ಕನ ಹಸಿವಿನ ಮುಂದೆ ನನ್ನ ದಿಕ್ಕಿನ ಹಟ ದೊಡ್ಡದಲ್ಲ. ಆದರೆ ಕೈಗೆ ಈಶಾನ್ಯವೇ ರೂಢಿಯಾಗಿತ್ತು, ನಾನು ಮರೆತ ಗಳಿಗೆಯಲ್ಲಿ ಬಾಣ ಮತ್ತೆ ಅಲ್ಲಿಗೇ ಹೋಗಿ ಕೂಡುತ್ತಿತ್ತು. "ನೀವು ಬದಲಾಗಂಗಿಲ್ಲ ಬಿಡ್ರಿ, ಅದನ್ನೇ ಬದಲು ಮಾಡಾನ" ಎಂದು ರುದ್ರೇಶ ಸೋಲೊಪ್ಪಿದ. ಈ ಮಾತನ್ನು ನನ್ನ ವಿಷಯದಲ್ಲಿ ಬಹಳ ಜನ ಬೇಸರದಿಂದ ಹೇಳಿದ್ದಾರೆ; ಪರಿಹಾರವೆಂಬಂತೆ ಹೇಳಿದವನು ಅವನೊಬ್ಬನೇ.

ಕಾಲೇಜಿನ ಇಂಟರ್‌ನೆಟ್ಟಿನಲ್ಲಿ ಹುಡುಕಿ ಅವನು ಒಂದು ಪುಟ್ಟ ಪ್ರೋಗ್ರಾಮನ್ನು ಫ್ಲಾಪಿಯಲ್ಲಿ ತಂದ. ತಟ್ಟುವುದನ್ನು ಆಜ್ಞೆಯೆಂದು ತಿಳಿಯಬೇಡವೆಂದು ಸ್ಪರ್ಶಫಲಕಕ್ಕೆ ಹೇಳುವುದಷ್ಟೇ ಅದರ ಕೆಲಸ. ಯಾವ ದೇಶದ ಯಾವ ಪುಣ್ಯಾತ್ಮನಿಗೆ ಈ ಕಷ್ಟ ಬಂದಿತ್ತೋ, ಬರೆದು ದಾಸೋಹಕ್ಕೆ ಬಿಟ್ಟಿದ್ದ. ಅವನೂ ಏನನ್ನಾದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜಾತಿಯವನೇ ಇರಬೇಕೆಂದು ನನಗೆ ಅನ್ನಿಸಿತು. ಕಿಟಕಿಗಳ ತೆರೆಯಿರುವಾಗಲೇ ಅದನ್ನು ನಡೆಸಿದಾಗ ಬಾಣ ಕಲ್ಲಾಗಿ ನಿಂತಿತು. ಗೌರಮ್ಮ ನಿಂಬೆಹಣ್ಣಿಗಾಗಿ ಎದ್ದಳು. ಅಳಿಯ ಅವಳನ್ನು ಕೂಡಿಸಿ, ತಲೆ ಕೆರೆದುಕೊಂಡು, ಫಲಕದ ಬಾಗಿಲಲ್ಲಿ ಬೇರೆ ಸೇವಕ ನಿಂತಿರುವಾಗ ಈ ಸಂದೇಶ ಒಳಗೆ ಹೋಗುವುದಿಲ್ಲವೆಂದು ಊಹಿಸಿದ. ಯಂತ್ರವನ್ನು ಮಲಗಿಸಿ ಎಬ್ಬಿಸಿ, ಕಪ್ಪು ತೆರೆಯಲ್ಲೇ, ಯಾವ ಸೇವಕನೂ ಬರುವ ಮುನ್ನ ಆ ಆಜ್ಞೆಯನ್ನು ಕೊಟ್ಟು, ನಂತರ ಕಿಟಕಿಗಳನ್ನು ಕರೆದ. "ಈಗ ಮಾಡ್ರಿ" ಎಂದ.

ಬಾಣವನ್ನು ಈಶಾನ್ಯಕ್ಕೆ ಕಳಿಸಿದೆ. ಮುಟ್ಟಿದೆ. ಕಣ್ಣಿಗೊತ್ತಿಕೊಂಡೆ. ಕಣ್ಣು ತೆರೆಯಲು ಧೈರ್ಯವಾಗದೆ ಹಾಗೆಯೇ ಕುಳಿತೆ.

"ಐತ್ರೀ!" ಎಂದಳು ಗೌರಮ್ಮ. "ಹಂಗೇ ಐತೆ!"

ಕಿಟಕಿ ಇದ್ದಲ್ಲೇ ಇತ್ತು. ಯಂತ್ರ ಎದ್ದಾಗಲೆಲ್ಲ ಆ ಆಜ್ಞೆ ತಾನೇ ನಡೆಯುವಂತೆ ರುದ್ರೇಶ ಅದರ ಪ್ರಾತಃಸ್ಮರಣೆಯಲ್ಲಿ ಬರೆದಿಟ್ಟ. ನಾನೂ ನನ್ನ ಕಡೆಯಿಂದ ಮಂಗಳಕ್ಕೆ ಮುಂಚೆಯೇ ಉಳಿಸುವ ಕ್ರಮವನ್ನು ಒಪ್ಪಿಕೊಂಡೆ. ಆ ರಾತ್ರಿ ಅಳಿಯನಿಗೆ ಬಡಿಸಿದ ತುಪ್ಪದಲ್ಲಿ ಗುರುವಿನ ಪಾಲೆಷ್ಟು, ಅಳಿಯನ ಪಾಲೆಷ್ಟು ಎಂದು ವಿಂಗಡಿಸುವ ಅಗತ್ಯ ಕಾಣಲಿಲ್ಲ.

ಮುಂದೆ ಕೆಲಸ ಹೊಳೆಯಂತೆ ಹರಿಯಿತು. ಕಾಲೇಜಿನ ಬಳಿಯ ಅಂಗಡಿಯಲ್ಲಿ ಅಚ್ಚು ಹಾಕಿಸಿ, ಹಸಿರು ಬಟ್ಟೆಯ ರಟ್ಟು ಕಟ್ಟಿಸಿ, ಶ್ರಾವಣದ ಮೊದಲ ಸೋಮವಾರ ಬೆಳಿಗ್ಗೆಯೇ ಹರಿಹರಕ್ಕೆ ಒಯ್ದೆ. ಪುಟಕ್ಕೆ ನಾಲ್ಕೇ ಸಾಲು ಹಿಡಿಯುವ ಪುಸ್ತಕ, ತೂಕ ಮಾತ್ರ ಹಾಲು ಕುಡಿಯುವ ಕೂಸಿನಷ್ಟಿತ್ತು. ಅಕ್ಕ ಅದನ್ನು ಮಡಿಲಲ್ಲಿಟ್ಟುಕೊಂಡು, ಮುಟ್ಟಿ ಕಣ್ಣಿಗೊತ್ತಿಕೊಂಡು, ಮೊದಲ ಪುಟ ತೆರೆದಳು. ಬೆರಳನ್ನು ಅಕ್ಷರದ ಕೆಳಗಿಟ್ಟಳು. ಕುತ್ತಿಗೆಯನ್ನು ಸ್ವಲ್ಪ ಓರೆ ಮಾಡಿದಳು, ಮಸುಕಿನ ಪಕ್ಕದಿಂದ ನೋಡುವವಳಂತೆ. ಆಮೇಲೆ ಮೊದಲ ಶಬ್ದ ಬಂತು. ಅದರ ಹಿಂದೆ ಎರಡನೆಯದು. ದನ ಮನೆಗೆ ಬಂದಂತೆ ಒಂದೊಂದಾಗಿ ಬಂದು, ನಂತರ ಗುಂಪಾಗಿ ಬರತೊಡಗಿದವು. ಅಡುಗೆಮನೆಯಿಂದ ಸೊಸೆ ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತಳು.

ಸ್ತೋತ್ರ ಮುಗಿದೊಡನೆ ಅಕ್ಕ ಪುಸ್ತಕ ಮುಚ್ಚಿ, ಸೊಸೆಯ ಕಡೆ ತಿರುಗಿ, "ಒಲಿ ಮ್ಯಾಲಿಂದು ಸೀದು ವಾಸನಿ ಬರ್ತೈತೆ, ಇಲ್ಲಿ ನಿಂತು ನನ್ನ ಮಾರಿ ನೋಡ್ತೀಯಲ್ಲ!" ಎಂದು ಗದರಿದಳು. ಸೊಸೆ ನಗುನಗುತ್ತ ಓಡಿದಳು. ಆಮೇಲೆ ನನ್ನ ಕಡೆ ತಿರುಗಿ, "ತಾತ್ಪರ್ಯ ಯಾರು ಬರೆದಿದ್ದು?" ಎಂದಳು.

"ನಾನೇ ಅಕ್ಕ."

"ಉದ್ದಾತು." ರಟ್ಟನ್ನು ಸವರುತ್ತ, "ಇಷ್ಟಕ್ಕೆ ಯಾಕೋ ಇಷ್ಟು ತಡಾತು?" ಎಂದಳು.

ಊಟಕ್ಕೆ ಕುಳಿತಾಗ ನಡೆದದ್ದನ್ನೆಲ್ಲ ಹೇಳಿದೆ. ಅಕ್ಕ ಬಹಳ ದಿನಗಳ ಮೇಲೆ ಎರಡನೆಯ ಸಲ ಅನ್ನ ಹಾಕಿಸಿಕೊಂಡು ಕೇಳುತ್ತಿದ್ದಳು. ನಮಸ್ಕಾರದ ಪ್ರಸಂಗ ಬಂದಾಗ ತುತ್ತನ್ನು ಕೆಳಗಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. "ಅದರದೇನು ತಪ್ಪಿಲ್ಲ ಬಿಡು. ನೀ ಸಣ್ಣಾವಿದ್ದಾಗ್ಲೂ ಹಂಗೇ ಇದ್ದಿ. ಅವ್ವನ ಕಾಲು ಮುಟ್ಟಿದ ಕೂಡ್ಲೇ ಅವ್ವ 'ಏನು ಬೇಕಪ್ಪಾ?' ಅಂತಿದ್ಲು. ಜಾತ್ರಿ ಬೆಂಡು ಬೇಕು, ಹೊಸ ಅಂಗಿ ಬೇಕು. ನಿನ್ನ ನಮಸ್ಕಾರದಾಗೆ ಒಂದು ಹುಕುಂ ಇದ್ದೇ ಇರ್ತಿತ್ತು. ಅವ್ವಗೆ ತಿಳೀತಿದ್ದದ್ದು ಆ ಪೆಟ್ಟಿಗಿಗೂ ತಿಳೀತು."

ನಾನು ಅನ್ನದ ಕಡೆ ನೋಡುತ್ತ ಊಟ ಮುಗಿಸಿದೆ. ಹೊರಡುವಾಗ ಅಕ್ಕನ ಪಾದ ಮುಟ್ಟಲು ಬಗ್ಗಿದರೆ, ಅವಳು ಎರಡೂ ಕಾಲುಗಳನ್ನು ಸೀರೆಯೊಳಕ್ಕೆ ಸರಕ್ಕನೆ ಎಳೆದುಕೊಂಡಳು.

"ಏನು ಬೇಕು, ಮೊದ್ಲು ಹೇಳು. ಆಮೇಲೆ ಮುಟ್ಟು."

ಬೇಕಾದದ್ದು ನಿಜವಾಗಿಯೂ ಒಂದಿತ್ತು. ಸಂಜೆ ಓಣಿಯ ಹೆಂಗಸರೆಲ್ಲ ಶ್ರಾವಣ ಸೋಮವಾರದ ಪಾಠ ಕೇಳಲು ಬಂದಾಗ, ಇದನ್ನು ನನ್ನ ತಮ್ಮ ಕಂಪ್ಯೂಟರಿನಲ್ಲಿ ತಾನೇ ಬರೆದದ್ದೆಂದು ಅವಳು ಒಂದು ಮಾತು ಹೇಳಲಿ ಎಂದು ಬೆಳಗಿನಿಂದ ಮನಸ್ಸಿನಲ್ಲಿತ್ತು. ಅದನ್ನು ನುಂಗಿಕೊಂಡು, "ಏನೂ ಬ್ಯಾಡಕ್ಕ" ಎಂದೆ.

"ಹಂಗಾರೆ ಮಾಡು" ಎಂದು ಅವಳು ಪಾದಗಳನ್ನು ಮುಂದಿಟ್ಟಳು.

ಮಾಡಿದೆ. ಏನನ್ನೂ ಕೇಳದೆ ನಾನು ಮಾಡಿದ ಮೊದಲನೆಯ ನಮಸ್ಕಾರ ಅದೇ ಇರಬೇಕು. ರೂಢಿಯಿಲ್ಲದ ಕೆಲಸವಾದ್ದರಿಂದಲೋ ಏನೋ, ಏಳುವಾಗ ಸೊಂಟ ಚಳಕ್ಕೆಂದು ಹಿಡಿದುಕೊಂಡಿತು. ಹೇಗೋ ಬಸ್ ನಿಲ್ದಾಣ ತಲುಪಿ, ದಾವಣಗೆರೆಯ ಬಸ್ಸು ಹತ್ತಿ, ಮುಂದಿನ ಸೀಟಿನಲ್ಲಿ ಒರಗಿಕೊಂಡೆ. ಚಾಲಕನ ತಲೆಯ ಮೇಲೆ ಹೂವಿನ ಹಾರ ಹಾಕಿದ್ದ ಗಣಪತಿಯ ಪಟವಿತ್ತು. ಮನೆ ಮುಟ್ಟುವಷ್ಟರಲ್ಲಿ ಈ ನೋವೊಂದು ಹೋದರೆ ಸಾಕಪ್ಪಾ ಎಂದು ಭಕ್ತಿಯಿಂದ ಕೈಮುಗಿದೆ.